ಸೇಡಂ ರಸ್ತೆಯ ಒಂದು ಮೂಳೆ ಚಿಕಿತ್ಸಾಲಯ: ನೋವಿನ ಜೊತೆ ಕೆಲಸವನ್ನೂ ಬರೆದುಕೊಂಡರು

ಟೆನಿಸ್ ಕಲಿಸುವುದು ನನ್ನ ಉದ್ಯೋಗ. ಕಲಬುರಗಿಯ ಒಂದು ತರಬೇತಿ ಕೇಂದ್ರದಲ್ಲಿ ಬೆಳಿಗ್ಗೆ ಎರಡು ತಾಸು, ಸಂಜೆ ಮೂರು ತಾಸು ಬುಟ್ಟಿಯಲ್ಲಿನ ಚೆಂಡುಗಳನ್ನು ಒಂದೊಂದಾಗಿ ಮಕ್ಕಳತ್ತ ಹೊಡೆದು ಕೊಡುತ್ತೇನೆ. ಕಳೆದ ಬೇಸಿಗೆ ಶಿಬಿರದ ಮೂರನೆಯ ವಾರದಲ್ಲಿ ಬಲ ಮೊಣಕೈಯ ಹೊರಬದಿಯಲ್ಲಿ ಹುಟ್ಟಿಕೊಂಡ ನೋವು ನೀರಿನ ತಂಬಿಗೆ ಎತ್ತಲಾರದಷ್ಟು ಬೆಳೆಯಿತು. ಮೊದಲು ಹೋದ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಸಿ, ‘ಮೊಣಕೈ ನೋವು, ಒಂದು ವಾರ ವಿಶ್ರಾಂತಿ’ ಎಂದಷ್ಟೇ ಚೀಟಿ ಬರೆದುಕೊಟ್ಟರು. ಸಂಬಳಸಹಿತ ರಜೆ ಕೇಳಿದಾಗ, ಇದು ಕೆಲಸದಿಂದಲೇ ಬಂದ ನೋವೆಂದು ಚೀಟಿಯಲ್ಲಿ ಎಲ್ಲಿದೆ ಎಂದು ಕೇಂದ್ರದವರು ಪ್ರಶ್ನಿಸಿದರು, ನನ್ನಲ್ಲಿ ಉತ್ತರವಿರಲಿಲ್ಲ.

ಆ ಬಳಿಕ ಹೋದ ಸೇಡಂ ರಸ್ತೆಯ ಸಣ್ಣ ಚಿಕಿತ್ಸಾಲಯದ ಬಗ್ಗೆ ಈ ಅಭಿಪ್ರಾಯ. ಅಲ್ಲಿನ ವೈದ್ಯರು ಕೈ ಮುಟ್ಟುವ ಮೊದಲು ಕೆಲಸದ ಬಗ್ಗೆಯೇ ಕೇಳಿದರು: ದಿನಕ್ಕೆ ಎಷ್ಟು ತಾಸು, ಯಾವ ಕೈ, ರಾಕೆಟ್ಟಿನ ತಂತಿ ಇತ್ತೀಚೆಗೆ ಬದಲಾಯಿಸಿದ್ದೀರಾ, ನೋವು ಮೊದಲು ಕಂಡದ್ದು ಯಾವ ದಿನ. ನಂತರ ಮುಷ್ಟಿ ಬಿಗಿಹಿಡಿಸಿ, ಮಣಿಕಟ್ಟನ್ನು ಮೇಲೆತ್ತಲು ಹೇಳಿ, ತಾವು ಕೆಳಗೆ ಒತ್ತಿದರು. ನೋವು ಮೊಣಕೈಯ ಹೊರಮೂಳೆಯಲ್ಲೇ ಚುಚ್ಚಿತು. ಎರಡೂ ಕೈಗಳ ಹಿಡಿತದ ಬಲವನ್ನು ಯಂತ್ರದಲ್ಲಿ ಅಳೆದು, ಬಲಗೈ 22 ಕೆ.ಜಿ., ಎಡಗೈ 36 ಕೆ.ಜಿ. ಎಂದು ದಿನಾಂಕ ಸಹಿತ ದಾಖಲಿಸಿದರು.

ಕಾಗದದಲ್ಲಿ ‘ರೋಗಿಯ ಹೇಳಿಕೆ’ ಮತ್ತು ‘ಪರೀಕ್ಷೆಯಲ್ಲಿ ಕಂಡದ್ದು’ ಬೇರೆಬೇರೆಯಾಗಿದ್ದವು. ಕೊನೆಗೆ, ಹೇಳಿದ ಕೆಲಸಕ್ಕೂ ಕಂಡ ಲಕ್ಷಣಗಳಿಗೂ ಹೊಂದಾಣಿಕೆಯಿದೆ ಎಂಬ ಒಂದೇ ವಾಕ್ಯವಿತ್ತು. ತಾವು ಕಣ್ಣಾರೆ ಕಾಣದ್ದನ್ನು ಕಂಡಂತೆ ಬರೆಯದ ಈ ಎಚ್ಚರಿಕೆಯೇ ಆ ಕಾಗದಕ್ಕೆ ತೂಕ ಕೊಟ್ಟಿತು ಎಂಬುದು ನನ್ನ ಅನಿಸಿಕೆ. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಟೆನಿಸ್ ಎಲ್ಬೋಗೆ, ಅಂದರೆ ಮೊಣಕೈ ಹೊರಬದಿಯ ಈ ನೋವಿಗೆ, ಇರುವ ಎಂ77.1 ಎಂಬ ಸಂಕೇತವನ್ನೂ ಅವರು ನಮೂದಿಸಿದ್ದರು. ಆದರೆ ಆ ಸಂಕೇತ ರೋಗವನ್ನು ಹೇಳುತ್ತದೆಯೇ ಹೊರತು ದುಡಿಮೆಯನ್ನಲ್ಲ. ಅಮೆರಿಕದಲ್ಲಿ ಬಳಸುವ ಆವೃತ್ತಿಯಲ್ಲಿ ಸಂಬಳದ ಕೆಲಸದ ವೇಳೆಯ ಗಾಯಕ್ಕೆ ವೈ99.0 ಎಂಬ ಪ್ರತ್ಯೇಕ ಸಂಕೇತವಿದೆ. ನನಗೆ ವೈದ್ಯರು ಬರೆದ ಆ ಒಂದು ವಾಕ್ಯವೇ ಆಧಾರ.

ನನ್ನ ಮುಂದಿನ ಸರದಿಯಲ್ಲಿದ್ದ ಖಾನಾವಳಿಯ ತಾಯಿಗೂ ಅದೇ ರೋಗ. “ದಿನಕ್ಕ ಎಷ್ಟ್ ರೊಟ್ಟಿ ಬಡೀತೀರಿ ಅಮ್ಮಾ?” ಎಂದು ವೈದ್ಯರು ಕೇಳಿದರು. “ಮುನ್ನೂರರ ಮ್ಯಾಲ ಆಗ್ತಾವ್ರೀ ಸಾಹೇಬ್ರ” ಎಂದರು ಆಕೆ. ಆ ಸಂಖ್ಯೆಯೂ ಚೀಟಿಗೆ ಬಂತು. ಟೆನಿಸ್ ಎಲ್ಬೋ ಆದವರಲ್ಲಿ ಹೆಚ್ಚಿನವರು ಟೆನಿಸ್ ಆಡಿದವರೇ ಅಲ್ಲ. ರೋಗದ ಹೆಸರು ನೋಡಿ ಇದು ಆಟದ ನೋವೆಂದು ತಳ್ಳಿಹಾಕಿದರೆ ಇಂಥವರ ದುಡಿಮೆ ಕಾಗದದಲ್ಲಿ ಕಾಣುವುದೇ ಇಲ್ಲ.

ಕೊರತೆಗಳೂ ಇವೆ. ಒಂದೂವರೆ ತಾಸು ಕಾಯಬೇಕಾಯಿತು, ಕೂರಲು ಇದ್ದದ್ದು ನಾಲ್ಕೇ ಕುರ್ಚಿ. ಪ್ರಮಾಣಪತ್ರದಲ್ಲಿ ಮೊದಲು ‘ಎಡ ಮೊಣಕೈ’ ಎಂದು ತಪ್ಪಾಗಿತ್ತು. ತೋರಿಸಿದಾಗ ಅಳಿಸದೆ, ಓದಲು ಬರುವಂತೆ ಒಂದೇ ಗೆರೆ ಹೊಡೆದು, ‘ಬಲ’ ಎಂದು ಬರೆದು, ಪಕ್ಕದಲ್ಲಿ ಸಹಿ ಮತ್ತು ದಿನಾಂಕ ಹಾಕಿದರು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳು ಹೇಳುವಂತೆ ನನ್ನ ಗುರುತಿನ ಮಚ್ಚೆ ಬರೆದುಕೊಂಡು, ಸಹಿ ಪಡೆದು, ಪ್ರಮಾಣಪತ್ರದ ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಂಡರು. ಆರು ವಾರದ ನಂತರದ ತಪಾಸಣೆಯಲ್ಲಿ ಬಲಗೈ ಹಿಡಿತ 31 ಕೆ.ಜಿ.ಗೆ ಏರಿತ್ತು, ಅದನ್ನೂ ಅದೇ ಹಾಳೆಯಲ್ಲಿ, ಹಳೆಯ ಅಂಕಿಯ ಕೆಳಗೆ ಬರೆದರು.