24 ಲೇಯರ್ ಎಂದು ನಂಬಿ ಡ್ರಮ್ ಲೈಬ್ರರಿ ಕೊಂಡೆ, ಒಳಗಿದ್ದದ್ದು ಒಂದೇ ಏಟು

ದಯವಿಟ್ಟು ಡೆಮೊ ಹಾಡಿಗೂ ಜಿಬಿ ಲೆಕ್ಕಕ್ಕೂ ಮರುಳಾಗಿ ಡ್ರಮ್ ಸ್ಯಾಂಪಲ್ ಲೈಬ್ರರಿ (ಕಂಪ್ಯೂಟರಿನಲ್ಲಿ ಹಾಡಿಗೆ ಡ್ರಮ್ಸ್ ಹಾಕಲು ಬಳಸುವ, ಮೊದಲೇ ರೆಕಾರ್ಡ್ ಮಾಡಿದ ಏಟುಗಳ ಸಂಗ್ರಹ) ಕೊಳ್ಳಬೇಡಿ. ನಾನು ಕೊಂಡೆ. ದುಡ್ಡು ಹೋಯಿತು. ಅದಕ್ಕಿಂತ ಜಾಸ್ತಿ, ನನ್ನನ್ನು ನಂಬಿ ಹಾಡು ಕೊಟ್ಟವರ ಮುಂದೆ ತಲೆ ತಗ್ಗಿಸಬೇಕಾಯಿತು.

ಎರಡು ಲೈಬ್ರರಿಗಳ ನಡುವೆ ತೂಗಿ ನೋಡುತ್ತಿದ್ದೆ. ಒಂದು 6 ಜಿಬಿ, ಒಂದೇ ಕಿಟ್. ಇನ್ನೊಂದು 48 ಜಿಬಿ, 12 ಕಿಟ್. ಪ್ರತಿ ಡ್ರಮ್‌ಗೂ 24 ಡೈನಾಮಿಕ್ ಲೇಯರ್ (ಮೆತ್ತಗಿನಿಂದ ಜೋರಿನವರೆಗಿನ ಏಟುಗಳ ಮೆಟ್ಟಿಲು), 8 ರೌಂಡ್ ರಾಬಿನ್ (ಒಂದೇ ಜೋರಿನ ಏಟಿಗೆ ಸರದಿಯಲ್ಲಿ ಬರುವ ಬೇರೆ ಬೇರೆ ಸ್ಯಾಂಪಲ್) ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಯಾರಾದರೂ ಎರಡನೆಯದನ್ನೇ ತಗೊಳ್ಳುತ್ತಾರೆ ಅಲ್ವಾ?

ಮೊದಲ ರಾತ್ರಿ ಖುಷಿಯಾಗಿದ್ದೆ. ಜೋರು ರಾಕ್ ಬೀಟ್ ಹಾಕಿ ನೋಡಿದ್ದೆ, ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಎದೆಗೇ ಬಡಿಯುವ ಹಾಗಿತ್ತು. ಜೋರು ಬೀಟ್‌ನಲ್ಲಿ ಎಲ್ಲ ಲೈಬ್ರರಿಯೂ ಚೆನ್ನಾಗಿಯೇ ಕೇಳುತ್ತದೆ, ಅದು ನನಗೆ ಆಗ ಹೊಳೆಯಲಿಲ್ಲ.

ನಿಧಾನದ ಹಾಡೊಂದು ಬಂತು. ಬ್ರಶ್ ಇಲ್ಲ, ಸ್ಟಿಕ್ಕಿನಲ್ಲೇ ಮೆತ್ತಗೆ ನುಡಿಸಬೇಕು, ಸ್ನೇರ್‌ನಲ್ಲಿ (ಕೆಳಗೆ ತಂತಿ ಕಟ್ಟಿದ ಡ್ರಮ್) ಘೋಸ್ಟ್ ನೋಟ್ (ಕೇಳಿಯೂ ಕೇಳದಂಥ ಮೆತ್ತನೆಯ ಏಟು) ಬೇಕು. ಎರಡು ದಿನ ಕೂತು ಒಂದೊಂದು ನೋಟಿನ ವೆಲಾಸಿಟಿ, ಅಂದರೆ ಏಟಿನ ಜೋರು, ಕೈಯಲ್ಲೇ ಬದಲಾಯಿಸಿದೆ. ಎಷ್ಟು ಮಾಡಿದರೂ ಜೀವ ಬರಲಿಲ್ಲ. ನನ್ನದೇ ತಪ್ಪು ಎಂದುಕೊಂಡು ಹಾಗೇ ಕಳಿಸಿಬಿಟ್ಟೆ. ಹಾಡಿದವರು ಕೇಳಿ, ‘ಯಾಕೆ ಯಾರೋ ದೂರದಲ್ಲಿ ನಿಂತು ಜೋರಾಗಿ ಹೊಡೆಯುತ್ತಿರುವ ಹಾಗಿದೆ?’ ಎಂದರು. ಉತ್ತರ ಕೊಡಲು ನನ್ನ ಬಾಯಿಗೆ ಮಾತೇ ಬರಲಿಲ್ಲ.

ಅವರು ಹೇಳಿದ್ದು ಅಕ್ಷರಶಃ ನಿಜ. ಸ್ನೇರ್ ಮೆತ್ತಗೆ ಹೊಡೆದರೆ ಸದ್ದು ಕಡಿಮೆಯಾಗುವುದಷ್ಟೇ ಅಲ್ಲ, ಸದ್ದಿನ ಬಣ್ಣವೇ ಬೇರೆ. ಚಟ್ ಎನ್ನುವ ಮೊನೆ ಹೋಗಿ ಕೆಳಗಿನ ತಂತಿಗಳ ಸರಸರ ಮುಂದೆ ಬರುತ್ತದೆ. ಲೇಯರ್ ಬೇಕಾಗುವುದೇ ಅದಕ್ಕೆ. ಇಲ್ಲದಿದ್ದರೆ ವಾಲ್ಯೂಮ್ ಇಳಿಸಿದರೆ ಸಾಕಿತ್ತಲ್ಲ!

ಅನುಮಾನ ಬಂದು ಆ ರಾತ್ರಿಯೇ ಪರೀಕ್ಷೆ ಮಾಡಿದೆ. ಸ್ನೇರ್‌ನ ಒಂದು ಏಟನ್ನು ವೆಲಾಸಿಟಿ 35ರಲ್ಲಿ, ಇನ್ನೊಂದನ್ನು 110ರಲ್ಲಿ ಬೌನ್ಸ್ ಮಾಡಿದೆ, ಅಂದರೆ ಆಡಿಯೊ ಫೈಲ್ ಆಗಿ ತೆಗೆದೆ. ಮೆತ್ತಗಿನದರ ಗೇನ್ ಏರಿಸಿ ಎರಡನ್ನೂ ಒಂದೇ ಮಟ್ಟಕ್ಕೆ ತಂದೆ. ಒಂದರ ಫೇಸ್ ತಿರುಗಿಸಿ (ಸದ್ದಿನ ಅಲೆಯನ್ನು ತಲೆಕೆಳಗು ಮಾಡಿ) ಎರಡನ್ನೂ ಒಟ್ಟಿಗೆ ಪ್ಲೇ ಮಾಡಿದೆ. ಎರಡೂ ಒಂದೇ ಏಟಾಗಿದ್ದರೆ ಒಂದನ್ನೊಂದು ಅಳಿಸಿಬಿಡುತ್ತವೆ. ಬೇರೆ ಬೇರೆ ಏಟಾಗಿದ್ದರೆ ಏನಾದರೂ ಉಳಿಯಲೇಬೇಕು. ಏನೂ ಉಳಿಯಲಿಲ್ಲ. ಪೂರ್ತಿ ಮೌನ. ಸ್ಪೀಕರ್ ಆಫ್ ಆಗಿದೆಯೇನೋ ಎಂದು ಎದ್ದು ಹೋಗಿ ನೋಡಿ ಬಂದೆ. ಒಂದೇ ರೆಕಾರ್ಡಿಂಗ್, ಒಂದೇ ಏಟು! ಬರೀ ವಾಲ್ಯೂಮ್ ಇಳಿಸಿ ಲೇಯರ್ ಎಂದು ಮಾರಿದ್ದಾರೆ. ಟಾಮ್ ಡ್ರಮ್ ನೋಡಿದೆ, ಅದೂ ಹಾಗೇ. ರೌಂಡ್ ರಾಬಿನ್ ಎಂಟಲ್ಲ, ಎರಡು. ರೋಲ್ ಬಾರಿಸಿದರೆ ಮಷೀನ್ ಗನ್ ಹಾಗೆ ಕೇಳುತ್ತಿದ್ದದ್ದು ಅದಕ್ಕೇ.

ಹಾಗಾದರೆ 48 ಜಿಬಿ ಎಲ್ಲಿಂದ ಬಂತು? ವೇವ್ ಫೈಲ್‌ಗಳನ್ನು ತೆರೆದು ನೋಡಿದೆ. ರೂಮ್ ಮೈಕ್ ಸ್ಟೀರಿಯೊ ಎಂದಿದ್ದಾರೆ, ಎಡಕ್ಕೂ ಬಲಕ್ಕೂ ಒಂದೇ ಸದ್ದು. ಪ್ರತಿ ಏಟಿನ ಕೊನೆಗೆ ಸುಮ್ನೆ ಸೆಕೆಂಡುಗಟ್ಟಲೆ ಮೌನ. ಮೌನವನ್ನೂ 24 ಬಿಟ್‌ನಲ್ಲಿ ಡೌನ್‌ಲೋಡ್ ಮಾಡಿಸಿದ್ದಾರೆ.

ಮಾರಿದವರಿಗೆ ಆಡಿಯೊ ಫೈಲ್ ಸಮೇತ ಮೇಲ್ ಬರೆದೆ. ಮೊದಲ ಉತ್ತರ: ‘ಮಿಕ್ಸ್‌ನಲ್ಲಿ ಕೂರಿಸಿದಾಗ ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ.’ ಗೊತ್ತಾಯಿತಲ್ಲ, ಹಾಡಿದವರಿಗೇ ಗೊತ್ತಾಯಿತಲ್ಲ! ಎರಡನೆಯ ಉತ್ತರ ಇನ್ನೂ ಕೆಟ್ಟದ್ದು: ‘ನಾವು ಡೈನಾಮಿಕ್ ಲೇಯರ್ ಎಂದಿದ್ದೇವೆ, ಪ್ರತಿಯೊಂದನ್ನೂ ಬೇರೆಯಾಗಿ ರೆಕಾರ್ಡ್ ಮಾಡಿದ್ದೇವೆ ಎಂದು ಎಲ್ಲಿಯೂ ಹೇಳಿಲ್ಲ.’ ಇದನ್ನು ಓದಿ ಕೈ ನಡುಗಿತು. ಪುಟಕ್ಕೆ ಹೋಗಿ ಮತ್ತೆ ಓದಿದೆ. ನಿಜ, ರೆಕಾರ್ಡ್ ಎಂಬ ಮಾತೇ ಇಲ್ಲ. ಗೊತ್ತಿದ್ದೇ ಬರೆದಿದ್ದಾರೆ. ನಾನು ದುಡ್ಡು ವಾಪಸ್ ಕೇಳಿದೆ. ಲೈಸೆನ್ಸ್ ಆಕ್ಟಿವೇಟ್ ಆಗಿದೆ, ರೀಫಂಡ್ ಇಲ್ಲ, ಇನ್ನೊಬ್ಬರಿಗೆ ಮಾರಲೂ ಆಗದು ಎಂದರು. ಆಮೇಲೆ ನನ್ನ ದೂರಿನ ಟಿಕೆಟ್ ಮುಚ್ಚಿದರು.

ಕೊಳ್ಳುವ ಮೊದಲು ಒಂದೇ ಸ್ನೇರ್ ಅನ್ನು ಮೆತ್ತಗಿನಿಂದ ಜೋರಿನವರೆಗೆ, ಬೇರೆ ಯಾವ ವಾದ್ಯವೂ ಇಲ್ಲದೆ, ಇಕ್ಯೂ, ಕಂಪ್ರೆಸರ್‌ನಂಥ ಸದ್ದು ತಿದ್ದುವ ಸಾಧನ ಇಲ್ಲದೆ ಕೇಳಿಸಿ ಎಂದು ಕೇಳಿ. ಕೇಳಿಸದಿದ್ದರೆ ಬಿಟ್ಟುಬಿಡಿ. ಎರಡು ಲೈಬ್ರರಿ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ, ಜೋರಾಗಿರುವುದೇ ಚೆನ್ನಾಗಿದೆ ಅನಿಸಿಬಿಡುತ್ತದೆ, ನನಗೂ ಅನಿಸಿತ್ತು. ಪುಕ್ಕಟೆ ಸಿಗುವ ಎಂಟಿ ಪವರ್ ಡ್ರಮ್‌ಕಿಟ್ ಎಂಬ ಡ್ರಮ್ ಸಾಫ್ಟ್‌ವೇರ್ ಹಾಕಿ, ಕೊಳ್ಳಬೇಕೆಂದಿರುವುದರ ಪಕ್ಕದಲ್ಲಿಟ್ಟು ಕೇಳಿ. ನಾನು ಈಗ ಹಾಗೆ ಕೇಳಿದೆ, ದುಡ್ಡು ಕೊಟ್ಟದ್ದಕ್ಕಿಂತ ಅದೇ ಮೇಲು ಅನಿಸಿ ಹೊಟ್ಟೆ ಉರಿಯಿತು.

ಆ ಹಾಡಿನ ಡ್ರಮ್ಸ್ ಪೂರ್ತಿ ಅಳಿಸಿ, ನಾನು ಬೇಡ ಎಂದು ಬಿಟ್ಟಿದ್ದ 6 ಜಿಬಿ ಲೈಬ್ರರಿ ಕೊಂಡು ಮತ್ತೆ ಮೊದಲಿನಿಂದ ಮಾಡುತ್ತಿದ್ದೇನೆ. ಆ 48 ಜಿಬಿ ಇನ್ನೂ ಹಾರ್ಡ್ ಡಿಸ್ಕ್‌ನಲ್ಲೇ ಇದೆ. ಯಾರಿಗಾದರೂ ನಂಬಿಕೆ ಬಾರದಿದ್ದರೆ ಆ ಮೌನದ ಫೈಲ್ ಕಳಿಸುತ್ತೇನೆ, ಕೇಳಿ ನೋಡಿ.