ಕಣ್ಣಿಗೆ ಗಾಯವಾದಾಗ: ಔಷಧಿ ಅಂಗಡಿ, ದೊಡ್ಡ ಆಸ್ಪತ್ರೆ, ಸಮುದಾಯ ನೇತ್ರ ಚಿಕಿತ್ಸಾಲಯ

ಲೋಹ ಕತ್ತರಿಸಿ ಉಜ್ಜುವ ಕೆಲಸ ಮಾಡುವವರಿಗೆ, ರಕ್ಷಣಾ ಕನ್ನಡಕ ಧರಿಸಿದಾಗಲೂ, ಅಂಚಿನಿಂದ ನುಸುಳಿ ಕಣ್ಣು ಸೇರುವ ಕಣಗಳು ಅಪರೂಪವಲ್ಲ. ಅದೇ ಕೆಲಸದಲ್ಲಿರುವ ನಾನು ಇಂತಹ ಗಾಯಗಳಿಗೆ ಔಷಧಿ ಅಂಗಡಿಯ ಹನಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗ ಮತ್ತು ಸಮೀಪದ ಸಮುದಾಯ ನೇತ್ರ ಚಿಕಿತ್ಸಾಲಯ, ಈ ಮೂರರ ಮೊರೆಯನ್ನೂ ಹೋಗಿದ್ದೇನೆ. ಕಣ್ಣಿನ ಮೇಲ್ಮೈಯ ಗಾಯಗಳ ಮಟ್ಟಿಗೆ ಸಮುದಾಯ ಚಿಕಿತ್ಸಾಲಯವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಅದಕ್ಕೆ ಕಡಿಮೆ ಖರ್ಚೊಂದೇ ಕಾರಣವಲ್ಲ.

ಔಷಧಿ ಅಂಗಡಿಯಲ್ಲಿ ಹಣವೂ ಸಮಯವೂ ಉಳಿಯುತ್ತವೆ, ಆದರೆ ಅಲ್ಲಿ ಕಣ್ಣನ್ನು ಯಾರೂ ಪರೀಕ್ಷಿಸುವುದಿಲ್ಲ. ನನಗೆ ಕೊಟ್ಟ ಹನಿಯಲ್ಲಿ ಸ್ಟೀರಾಯ್ಡ್ ಬೆರೆತಿತ್ತು. ಅದು ಕೆಂಪನ್ನು ಇಳಿಸಿ ಗುಣವಾದಂತೆ ತೋರಿಸುತ್ತದೆಯಾದರೂ, ಒಳಗೆ ಶಿಲೀಂಧ್ರದ ಅಥವಾ ಹರ್ಪಿಸ್ ವೈರಾಣುವಿನ ಸೋಂಕಿದ್ದರೆ ಹುಣ್ಣನ್ನು ಇನ್ನಷ್ಟು ಆಳಕ್ಕೆ ಒಯ್ಯಬಲ್ಲದು. ಹುಲ್ಲು, ತೆನೆ, ಕಡ್ಡಿ ತಾಗಿದ ಕಣ್ಣಿನಲ್ಲಿ ಈ ಭಯ ಹೆಚ್ಚು. ನೋವು ಮರಗಟ್ಟಿಸುವ ಹನಿಯನ್ನಂತೂ ಮನೆಗೆ ತಂದು ಪದೇ ಪದೇ ಹಾಕಿಕೊಳ್ಳಲೇಬಾರದು. ಅದು ಗಾಯ ಮಾಯುವುದನ್ನು ತಡೆದು ಕಾರ್ನಿಯಾವನ್ನೇ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನೇ, ಹಾಳುಮಾಡುತ್ತದೆ.

ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಸರಿಯಾಗಿಯೇ ನಡೆಯಿತು. ಆದರೆ ಜೀವಕ್ಕೆ ಅಪಾಯವಿರುವ ರೋಗಿಗಳ ನಡುವೆ ಸಣ್ಣ ಗೀರಿನ ಸರದಿ ಕೊನೆಗೆ ಬರುವುದು ಸಹಜ; ಹೀಗಾಗಿ ಪ್ರಯಾಣ, ಕಾಯುವಿಕೆ ಮತ್ತು ಕಳೆದುಕೊಂಡ ದಿನಗೂಲಿ ಔಷಧಿಯ ಬೆಲೆಯನ್ನು ಮೀರಿದವು.

ಸಮುದಾಯ ಚಿಕಿತ್ಸಾಲಯದಲ್ಲಿ ಮೊದಲು ಎರಡೂ ಕಣ್ಣುಗಳ ದೃಷ್ಟಿಯನ್ನು ಅಳೆದು ಬರೆದುಕೊಂಡರು. ನಂತರ ಫ್ಲೋರೆಸಿನ್ ಬಣ್ಣ ಹಾಕಿ, ಸ್ಲಿಟ್ ಲ್ಯಾಂಪ್ ಎಂಬ, ಕಣ್ಣನ್ನು ದೊಡ್ಡದಾಗಿ ತೋರಿಸುವ ಉಪಕರಣದ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ಗೀರನ್ನು ಗುರುತಿಸಿದರು. ಮೇಲಿನ ರೆಪ್ಪೆಯನ್ನು ಮಗುಚಿ ನೋಡಿದ್ದು ನನಗೆ ವಿಶೇಷವಾಗಿ ಮೆಚ್ಚುಗೆಯಾಯಿತು, ಏಕೆಂದರೆ ಅಲ್ಲಿ ಅಂಟಿ ಕುಳಿತ ಕಣವೊಂದು ಕಣ್ಣು ಮಿಟುಕಿಸಿದಾಗಲೆಲ್ಲ ಹೊಸ ಗೀರು ಎಳೆಯುತ್ತಿರುತ್ತದೆ. ಕಬ್ಬಿಣದ ಚೂರು ಕೆಲವೇ ಗಂಟೆಗಳಲ್ಲಿ ತನ್ನ ಸುತ್ತ ತುಕ್ಕಿನ ಉಂಗುರ ಬಿಡಬಲ್ಲದು, ಆದ್ದರಿಂದ ಅದನ್ನು ಸೂಜಿಯ ತುದಿಯಿಂದ ತೆಗೆದ ಮೇಲೆ ಆ ಕಲೆಯನ್ನೂ ಪರೀಕ್ಷಿಸಿದರು. ಕಣ್ಣಿಗೆ ಪಟ್ಟಿ ಕಟ್ಟಲಿಲ್ಲ. ಸಾಮಾನ್ಯ ಗೀರು ಪಟ್ಟಿಯಿಂದ ಬೇಗ ಮಾಯುವುದಿಲ್ಲ. ಪ್ರತಿಜೀವಕ ಮುಲಾಮು ಕೊಟ್ಟು, ಮರುದಿನ ತಪ್ಪದೆ ಬರುವಂತೆ ಹೇಳಿದರು. ಹತ್ತಿರದಲ್ಲಿದ್ದುದರಿಂದಲೇ ನಾನು ಮರುದಿನ ಹೋದೆ, ಮತ್ತು ಗೀರು ಹುಣ್ಣಾಗುತ್ತಿಲ್ಲವೆಂಬುದು ತಿಳಿಯುವುದು ಆ ಎರಡನೆಯ ಭೇಟಿಯಲ್ಲಿಯೇ.

ಈ ಸಾಮೀಪ್ಯದ ಬೆಲೆಯನ್ನು ನೇಪಾಳದ ಭಕ್ತಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿದೆ. ಅಲ್ಲಿ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಕಾರ್ನಿಯಾ ಗೀರಿದವರಿಗೆ ಶೇ. 1ರ ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೀವಕದ ಮುಲಾಮನ್ನು ದಿನಕ್ಕೆ 3 ಬಾರಿಯಂತೆ 3 ದಿನ ಹಚ್ಚಿದರು. ಗಾಯವಾದ 18 ಗಂಟೆಗಳೊಳಗೆ ಚಿಕಿತ್ಸೆ ಪಡೆದವರೆಲ್ಲರೂ ಸೋಂಕಿಲ್ಲದೆ ಗುಣವಾದರೆ, 24ರಿಂದ 48 ಗಂಟೆ ತಡವಾಗಿ ಬಂದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನರಿಗೆ ಸೋಂಕು ತಗುಲಿತು.

ಆದರೂ ಎಲ್ಲ ಗಾಯಗಳಿಗೂ ಈ ಚಿಕಿತ್ಸಾಲಯ ತಕ್ಕುದಲ್ಲ. ಸುತ್ತಿಗೆಯ ಹೊಡೆತಕ್ಕೆ ಸಿಡಿದ ಚೂರು ಬಡಿದಿದ್ದರೆ, ಪಾಪೆಯ ಆಕಾರ ಕೆಟ್ಟಿದ್ದರೆ, ದೃಷ್ಟಿ ಹಠಾತ್ತನೆ ಕುಂದಿದ್ದರೆ, ಕಣ್ಣನ್ನು ಒತ್ತದೆ, ಉಜ್ಜದೆ, ಚುಚ್ಚಿದ ವಸ್ತುವನ್ನು ಕೀಳದೆ, ಗಟ್ಟಿಯಾದ ಮುಚ್ಚಳವೊಂದನ್ನು ಕಣ್ಣಿಗೆ ತಾಗದಂತೆ ಹಿಡಿದು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ಸುಣ್ಣ ಅಥವಾ ಆಮ್ಲ ಬಿದ್ದಿದ್ದರೆ ಎಲ್ಲಿಗೆ ಹೋಗುವುದೆಂದು ಯೋಚಿಸುವ ಮೊದಲೇ ಶುದ್ಧ ನೀರಿನಿಂದ ಕನಿಷ್ಠ 15ರಿಂದ 30 ನಿಮಿಷ ಎಡೆಬಿಡದೆ ತೊಳೆಯಬೇಕು. ಅನೇಕ ಸಮುದಾಯ ಚಿಕಿತ್ಸಾಲಯಗಳು ರಾತ್ರಿ ತೆರೆದಿರುವುದಿಲ್ಲ, ಕೆಲವೆಡೆ ವೈದ್ಯರ ಬದಲು ತರಬೇತಾದ ಸಹಾಯಕರಷ್ಟೇ ಇರುತ್ತಾರೆ. ಆದ್ದರಿಂದ ಅಲ್ಲಿ ಸ್ಲಿಟ್ ಲ್ಯಾಂಪ್ ಇದೆಯೇ, ಗಾಯ ಗಂಭೀರವಾಗಿದ್ದರೆ ಯಾವ ಆಸ್ಪತ್ರೆಗೆ ಚೀಟಿ ಬರೆದು ಕಳುಹಿಸುತ್ತಾರೆ ಎಂಬ ಎರಡು ಸಂಗತಿಗಳನ್ನು, ಕಣ್ಣು ಚೆನ್ನಾಗಿರುವಾಗಲೇ ವಿಚಾರಿಸಿ ಇಟ್ಟುಕೊಳ್ಳುವುದು ಒಳ್ಳೆಯದು.