17ನೇ ವಯಸ್ಸಿಗೆ ನಾನು ಸೇರಿದ ಸಿನಿಮಾ ಶಾಲೆ: ದುಡ್ಡು ಕಟ್ಟುವ ಮುಂಚೆ ಓದಿ

ಮೊನ್ನೆ ನನ್ನ ಚಿಕ್ಕಮ್ಮನ ಮಗ ಒಂದು ಕರಪತ್ರದ ಫೋಟೊ ಕಳಿಸಿದ. ಅವನಿಗೆ 16 ವರ್ಷ. "ಅಣ್ಣಾ, ಇಲ್ಲಿ ಡೈರೆಕ್ಷನ್ ಕೋರ್ಸ್ ಇದೆಯಂತೆ, ಸೇರಲಾ?" ಅಂತ ಕೇಳಿದ್ದಾನೆ. ಆ ಸಂಸ್ಥೆ ನನಗೆ ಗೊತ್ತಿಲ್ಲ. ಆದರೆ ಕರಪತ್ರದಲ್ಲಿದ್ದ ಮಾತುಗಳು ನನಗೆ ಬಾಯಿಪಾಠ. ಒಂದೇ ವರ್ಷದಲ್ಲಿ ನಿರ್ದೇಶಕರಾಗಿ. ಕೆಲಸ ಗ್ಯಾರಂಟಿ. ಕೆಲವೇ ಸೀಟು ಬಾಕಿ. ಎಂಟು ವರ್ಷದ ಹಿಂದೆ ಇದೇ ಮಾತು ನಂಬಿ ನಾನು ಓದು ಬಿಟ್ಟೆ, ಅಪ್ಪ ಕೂಡಿಟ್ಟಿದ್ದ ದುಡ್ಡು ಕಳೆದೆ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಾನು ಸೇರಿದ್ದ ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಹಾಕಿದರೆ ಅದೊಂದನ್ನು ಮಾತ್ರ ಬಿಡುತ್ತೀರಿ, ಅಂಥವು ಇನ್ನೂ ಬೇಕಾದಷ್ಟಿವೆ.

ಅಪ್ಪನ ಜೊತೆ ಅಲ್ಲಿಗೆ ಹೋದ ದಿನ ಚೆನ್ನಾಗಿ ನೆನಪಿದೆ. ಗೋಡೆ ತುಂಬ ಹೆಸರಾಂತ ನಟ ನಟಿಯರ ಫೋಟೊ. ಎಲ್ಲದರಲ್ಲೂ ಅವರ ಪಕ್ಕ ಸಂಸ್ಥೆಯ ಮಾಲೀಕರು ನಿಂತಿದ್ದರು. ಇವರೆಲ್ಲ ಇಲ್ಲಿ ಪಾಠ ಮಾಡುತ್ತಾರೆ ಅಂದುಕೊಂಡೆ. ಹಾಗಂತ ಯಾರೂ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ಯಾವುದೋ ಸಮಾರಂಭಕ್ಕೆ ಬಂದವರ ಜೊತೆ ತೆಗೆಸಿಕೊಂಡ ಫೋಟೊಗಳು ಅವು ಅಂತ ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು.

ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಇವನ ಓದು ಇನ್ನೂ ಮುಗಿದಿಲ್ಲ. ಅದು ಮುಗಿದ ಮೇಲೆ ಸೇರಿಸಿದರೆ ಆಗಲ್ವಾ?"

ಕೌನ್ಸೆಲರ್ ನಕ್ಕರು. "ಸಿನಿಮಾದವರಿಗೆ ಡಿಗ್ರಿ ಯಾಕೆ ಸರ್? ಇಲ್ಲಿ ಯಾರೂ ಮಾರ್ಕ್ಸ್ ಕಾರ್ಡ್ ಕೇಳಲ್ಲ. ಇವತ್ತೇ ಮೊದಲ ಕಂತು ಕಟ್ಟಿದರೆ ಫೀಸಿನಲ್ಲಿ ಕಡಿಮೆ ಮಾಡಿಕೊಡ್ತೀನಿ."

ಅಪ್ಪ ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಅವತ್ತೇ ಕಟ್ಟಿದರು.

ನನ್ನ ದೊಡ್ಡ ನಷ್ಟ ಶುರುವಾದದ್ದು ಅಲ್ಲಿಂದ. ಸೆಟ್ಟಿನಲ್ಲಿ ಯಾರೂ ಮಾರ್ಕ್ಸ್ ಕಾರ್ಡ್ ಕೇಳಲ್ಲ ಅನ್ನುವುದು ನಿಜ. ಆದರೆ ಒಳ್ಳೆಯ ಸಿನಿಮಾ ಶಾಲೆಗಳು ಕೇಳುತ್ತವೆ. ಪುಣೆಯಲ್ಲಿ ಎಫ್‌ಟಿಐಐ ಅನ್ನುವ ಸರ್ಕಾರಿ ಸಿನಿಮಾ ಶಾಲೆ ಇದೆಯಲ್ಲ, 1960ರಲ್ಲಿ ಶುರುವಾದದ್ದು, ಅಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನದ ಮೂರು ವರ್ಷದ ಕೋರ್ಸಿಗೆ ಅರ್ಜಿ ಹಾಕಬೇಕಾದರೆ ಯಾವುದಾದರೂ ಒಂದು ಡಿಗ್ರಿ ಇರಲೇಬೇಕು. ಗಿರೀಶ್ ಕಾಸರವಳ್ಳಿ ಅವರು ಅಲ್ಲಿಗೆ ಹೋಗುವ ಮೊದಲು ಓದಿದ್ದು ಫಾರ್ಮಸಿ. ಎಲ್ಲ ಕಡೆ ಇದೇ ನಿಯಮ ಅಂತ ಅಲ್ಲ. ಕೆಲವು ದೇಶಗಳಲ್ಲಿ ಶಾಲೆ ಮುಗಿಸಿದವರನ್ನೇ ನೇರ ಡಿಗ್ರಿಗೆ ತೆಗೆದುಕೊಳ್ಳುವ ಸಿನಿಮಾ ಶಾಲೆಗಳೂ ಇವೆ. ಆದರೆ ಅಲ್ಲಿಗೂ ಶಾಲೆಯ ಓದು ಮುಗಿದಿರಬೇಕಲ್ವಾ? ನನ್ನ ಹತ್ತಿರ ಅದೂ ಇರಲಿಲ್ಲ. ಬಿಟ್ಟ ಪರೀಕ್ಷೆ ಮತ್ತೆ ಕಟ್ಟಿ, ಕೆಲಸ ಮಾಡಿಕೊಂಡೇ ಅಂಚೆ ಮೂಲಕ ಡಿಗ್ರಿ ಮುಗಿಸುವಷ್ಟರಲ್ಲಿ ಐದು ವರ್ಷ ಹೋಯಿತು. ದುಡ್ಡು ಹೋದದ್ದಕ್ಕಿಂತ ಈ ಐದು ವರ್ಷ ನನಗೆ ಈಗಲೂ ಜಾಸ್ತಿ ನೋಯುತ್ತದೆ.

ಕ್ಲಾಸಿನ ವಿಷಯಕ್ಕೆ ಬರುತ್ತೇನೆ. ನಾವು 32 ಜನ. ಎಲ್ಲರೂ ಡೈರೆಕ್ಷನ್. ಪ್ರವೇಶ ಪರೀಕ್ಷೆ ಇರಲಿಲ್ಲ, ಸಂದರ್ಶನ ಇರಲಿಲ್ಲ. ಬಂದವರಲ್ಲಿ ಒಬ್ಬರನ್ನೂ ವಾಪಸ್ ಕಳಿಸಲಿಲ್ಲ. ಇದ್ದದ್ದು ಒಂದು ಕ್ಯಾಮೆರಾ. ಅದೂ ಮಾಲೀಕರು ಮದುವೆ ಶೂಟಿಂಗಿಗೆ ಬಾಡಿಗೆಗೆ ಕೊಟ್ಟ ದಿನ ಇರುತ್ತಿರಲಿಲ್ಲ. ಇಡೀ ವರ್ಷದಲ್ಲಿ ನಾನು ಆ ಕ್ಯಾಮೆರಾ ಮುಟ್ಟಿದ್ದು ನಾಲ್ಕು ಸಲ. ಉಳಿದ ದಿನ ಏನು ಮಾಡುತ್ತಿದ್ದೆವು ಅಂದರೆ, ಪರದೆ ಹಾಕಿ ಸಿನಿಮಾ ನೋಡುತ್ತಿದ್ದೆವು. ನೋಡಿದ ಮೇಲೆ "ಹೇಗಿತ್ತು?" ಅಂತ ಕೇಳುತ್ತಿದ್ದರು. ಅಷ್ಟೇ ಪಾಠ. ಚೆನ್ನಾಗಿ ಕಲಿಸುತ್ತಿದ್ದ ಒಬ್ಬರು ಮೇಷ್ಟ್ರು ಇದ್ದರು, ಸೌಂಡ್ ಕಲಿಸಲು ಬಂದವರು. ಮೂರು ತಿಂಗಳು ಸಂಬಳ ಕೊಡಲಿಲ್ಲ ಅಂತ ಅವರೂ ಬಿಟ್ಟು ಹೋದರು.

ವರ್ಷದ ಕೊನೆಗೆ ಡಿಪ್ಲೊಮಾ ಫಿಲ್ಮ್. ಎಂಟು ಎಂಟು ಜನರ ನಾಲ್ಕು ಗುಂಪು. ಫೀಸಿನಲ್ಲಿ ಅದರ ಖರ್ಚೂ ಸೇರಿದೆ ಅಂತ ಮೊದಲು ಹೇಳಿದ್ದರು. ಆಮೇಲೆ ಲೈಟ್, ಊಟ, ಗಾಡಿ ಎಲ್ಲ ನೀವೇ ಹಾಕಿಕೊಳ್ಳಿ ಅಂದರು. ಹಾಕಿಕೊಂಡೆವು. ಎರಡು ರಾತ್ರಿ, ಒಂದು ಹಗಲು ನಿದ್ದೆಗೆಟ್ಟು 11 ನಿಮಿಷದ ಸಿನಿಮಾ ಮಾಡಿದೆವು. ಅದು ಚೆನ್ನಾಗಿತ್ತೋ ಇಲ್ಲವೋ, ನಮ್ಮ ಕೈಯಲ್ಲಿ ಮಾಡಿದ್ದು ಅಂತ ಅದೊಂದೇ ಇತ್ತು. ಶೋರೀಲ್‌ಗೆ (ಕೆಲಸ ಕೇಳುವಾಗ ತೋರಿಸುವ ತುಣುಕುಗಳಿಗೆ) ಬೇಕು, ಫುಟೇಜ್ ಕೊಡಿ ಅಂತ ಕೇಳಿದಾಗ ಆಫೀಸಿನಲ್ಲಿ ಒಂದು ಕಾಗದ ತೆಗೆದು ತೋರಿಸಿದರು. ಸೇರುವ ದಿನ ಅಪ್ಪ ಸಹಿ ಹಾಕಿದ ಕಾಗದ. ಏಳನೇ ಪುಟದಲ್ಲಿ ಒಂದು ಸಾಲು: ವಿದ್ಯಾರ್ಥಿಗಳು ಮಾಡಿದ ಎಲ್ಲ ಚಿತ್ರಗಳ ಹಕ್ಕು ಸಂಸ್ಥೆಯದು. ಕಾಪಿ ಬೇಕಾದರೆ ಬೇರೆ ದುಡ್ಡು. ಕೆಲವು ಒಳ್ಳೆಯ ಶಾಲೆಗಳೂ ವಿದ್ಯಾರ್ಥಿ ಚಿತ್ರದ ಹಕ್ಕು ತಾವೇ ಇಟ್ಟುಕೊಳ್ಳುತ್ತವೆ, ಅದರಲ್ಲೇ ಮೋಸ ಇದೆ ಅಂತಲ್ಲ. ಆದರೆ ಮಾಡಿದವನಿಗೆ ಒಂದು ಕಾಪಿ, ತೋರಿಸಿಕೊಳ್ಳಲು ಅನುಮತಿ, ಇಷ್ಟು ಸಿಗಲೇಬೇಕು. ಇದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಮ್ಮ ಆ 11 ನಿಮಿಷ ಇವತ್ತಿಗೂ ನನ್ನ ಹತ್ತಿರ ಇಲ್ಲ.

ಆಮೇಲೆ ಗ್ಯಾರಂಟಿ ಕೆಲಸ. ದೊಡ್ಡ ಸಿನಿಮಾದಲ್ಲಿ ಅಸಿಸ್ಟೆಂಟ್ ಡೈರೆಕ್ಟರ್ ಮಾಡಿಸುತ್ತೇವೆ, ಅದಕ್ಕೆ ಮೊದಲು ಡೆಪಾಸಿಟ್ ಕಟ್ಟಿ ಅಂದರು. ಸಿನಿಮಾ ಕೆಲಸಗಾರರ ಸಂಘದ ಕಾರ್ಡ್ ಮಾಡಿಸಲು ಇನ್ನೊಂದಿಷ್ಟು. ನಮ್ಮಲ್ಲಿ ಆರು ಜನ ಕಟ್ಟಿದರು. ಒಬ್ಬರಿಗೂ ಕೆಲಸ ಬರಲಿಲ್ಲ. ದಯವಿಟ್ಟು ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು. ನಟನೆಗೂ ಇದೇ ಮಾತು. ಆಡಿಷನ್‌ಗೆ ಫೀಸು, ನಮ್ಮ ಫೋಟೊಗ್ರಾಫರ್ ಹತ್ತಿರವೇ ಪೋರ್ಟ್‌ಫೋಲಿಯೊ ಮಾಡಿಸಬೇಕು ಅನ್ನುವ ಷರತ್ತು, ಇವು ಕಂಡ ಕೂಡಲೇ ಎದ್ದು ಬನ್ನಿ. ಸಂಘದ ಕಾರ್ಡಿನ ನಿಯಮವನ್ನು ನಡುವಿನವರಿಂದ ಕೇಳಬೇಡಿ, ಸಂಘದ ಕಚೇರಿಗೇ ಹೋಗಿ ಕೇಳಿ.

ಇನ್ನೊಂದು ಬರೆಯಲೇಬೇಕು. ನಮ್ಮ ಜೊತೆಗಿದ್ದ ಹುಡುಗಿಯೊಬ್ಬಳನ್ನು ರಾತ್ರಿ 9 ಗಂಟೆಗೆ ಲಾಡ್ಜ್ ಒಂದಕ್ಕೆ "ಲುಕ್ ಟೆಸ್ಟ್" ಅಂತ ಕರೆದರು. ಅವಳು ಅಮ್ಮನನ್ನು ಕರೆದುಕೊಂಡು ಹೋದಳು. ಅಮ್ಮ ಕೆಳಗೇ ಇರಲಿ ಅಂದರು. ಇಬ್ಬರೂ ತಿರುಗಿ ಬಂದುಬಿಟ್ಟರು. ಅವಳಿಗೆ ಆಗ 17. 18 ತುಂಬದವರ ಆಡಿಷನ್‌ನಲ್ಲಿ ಮನೆಯವರು ಇರುವುದು ಬೇಡ ಅನ್ನುವ ಜಾಗದಲ್ಲಿ ಒಂದು ನಿಮಿಷವೂ ನಿಲ್ಲಬೇಡಿ. ಹುಡುಗರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಡಿಪ್ಲೊಮಾ ಹಿಡಿದುಕೊಂಡು ಒಂದು ವರ್ಷ ಅಲೆದೆ. ಕೊನೆಗೆ ಪರಿಚಯದವರೊಬ್ಬರ ಮೂಲಕ ಒಂದು ಎಡಿಟಿಂಗ್ ರೂಮಿನಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಎಡಿಟರ್ ಮೇಡಂ ಹಿಂದಿನ ದಿನದ ಫುಟೇಜ್ ಕೊಟ್ಟು, "ಸಿಂಕ್ ಮಾಡಿಡಪ್ಪ" ಅಂತ ಹೇಳಿ ಹೊರಗೆ ಹೋದರು. ಒಂದು ಫೋಲ್ಡರಿನಲ್ಲಿ ಚಿತ್ರ, ಇನ್ನೊಂದರಲ್ಲಿ ಶಬ್ದ. ಎರಡನ್ನೂ ಹೊಂದಿಸಿ ಕೂರಿಸುವುದೇ ಸಿಂಕ್. ಎರಡನ್ನೂ ಬೇರೆ ಬೇರೆ ಯಂತ್ರದಲ್ಲಿ ರೆಕಾರ್ಡ್ ಮಾಡುತ್ತಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಅವರು ವಾಪಸ್ ಬಂದಾಗ ನಾನು ಟೈಮ್‌ಲೈನ್‌ನಲ್ಲಿ ಶಬ್ದವನ್ನು ಆಚೆ ಈಚೆ ಎಳೆಯುತ್ತಾ ಕೂತಿದ್ದೆ. ಬೈಯಲಿಲ್ಲ. ಪಕ್ಕದಲ್ಲಿ ಕೂತು, "ಕ್ಲ್ಯಾಪ್ ಎಲ್ಲಿದೆ ಹುಡುಕು" ಅಂದರು. ಶಾಟ್ ಶುರುವಿನಲ್ಲಿ ಬಡಿಯುವ ಕ್ಲ್ಯಾಪ್ ಬೋರ್ಡಿನ ಎರಡು ಪಟ್ಟಿ ಸರಿಯಾಗಿ ಕೂಡುವ ಒಂದು ಫ್ರೇಮ್, ಅಂದರೆ ಒಂದು ಬಿಡಿ ಚಿತ್ರ. ಶಬ್ದದ ಗೆರೆಯಲ್ಲಿ ಸೂಜಿಯ ಹಾಗೆ ಮೇಲೆದ್ದ ಒಂದು ಮೊನೆ. ಅವೆರಡನ್ನೂ ಒಂದರ ಕೆಳಗೊಂದು ತಂದು ಕೂರಿಸಿದರು. ಪಾತ್ರದ ತುಟಿ, ಮಾತು ತಟ್ಟಂತ ಕೂಡಿಕೊಂಡವು. ಸೆಕೆಂಡಿಗೆ 24 ಫ್ರೇಮ್. ಅದರಲ್ಲಿ ಮೂರು ನಾಲ್ಕು ಆಚೀಚೆ ಆದರೂ ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಆಮೇಲೆ ಇನ್ನೊಂದು ತೋರಿಸಿದರು. 24ರಲ್ಲಿ ತೆಗೆದ ಚಿತ್ರವನ್ನು 23.976 ಅಂತ ತಪ್ಪಾಗಿ ಸೆಟ್ ಮಾಡಿದರೆ ಒಂದು ಗಂಟೆಗೆ ಚಿತ್ರಕ್ಕೂ ಶಬ್ದಕ್ಕೂ ಮೂರೂವರೆ ಸೆಕೆಂಡಿನಷ್ಟು ಅಂತರ ಬೀಳುತ್ತದೆ.

ನಮ್ಮ ಸಂಸ್ಥೆಯಲ್ಲೂ ಕ್ಲ್ಯಾಪ್ ಬೋರ್ಡ್ ಇತ್ತು. ಸೇರಿದ ದಿನ ಅದನ್ನು ಕೈಗೆ ಕೊಟ್ಟು ಒಬ್ಬೊಬ್ಬರದೇ ಫೋಟೊ ತೆಗೆದಿದ್ದರು. ಅದು ಯಾತಕ್ಕೆ ಅಂತ ವರ್ಷವಿಡೀ ಯಾರೂ ಹೇಳಿರಲಿಲ್ಲ. ಅವತ್ತು ಮೇಡಂ ಪಕ್ಕ ಕೂತಿದ್ದಾಗ ನನಗೆ ಅಳು ಬಂತು.

ಸಿನಿಮಾ ಶಾಲೆಗಳೇ ಮೋಸ ಅಂತ ನಾನು ಹೇಳುತ್ತಿಲ್ಲ. ಮಾಸ್ಕೋದ ವಿಜಿಐಕೆ ಸಿನಿಮಾ ಶಾಲೆ 1919ರಲ್ಲೇ ಶುರುವಾಯಿತು. ಪ್ರಾಗ್‌ನ ಫಾಮು ಸಿನಿಮಾ ಶಾಲೆಯಲ್ಲಿ ಹೆಸರಾಂತ ನಿರ್ದೇಶಕ ಮಿಲೋಶ್ ಫೋರ್ಮನ್ ಓದಿದರು. ಕಲಿಸುವ ಜಾಗಗಳಿವೆ. ಅಂಥ ಜಾಗ ಹೌದೋ ಅಲ್ಲವೋ ಅಂತ ತಿಳಿಯಲು ಗೋಡೆಯ ಫೋಟೊ ನೋಡಬೇಡಿ, ಅಲ್ಲಿನ ಹುಡುಗರು ಮಾಡಿದ ಸಿನಿಮಾ ನೋಡಿ. ಕಳೆದ ವರ್ಷ ಕಲಿತು ಹೋದವರಲ್ಲಿ ಮೂರು ಜನರ ಜೊತೆ ನೀವೇ ಮಾತಾಡಿ, ಸಂಸ್ಥೆಯವರು ಆರಿಸಿಕೊಟ್ಟವರ ಜೊತೆ ಅಲ್ಲ. ಒಬ್ಬೊಬ್ಬರಿಗೆ ವರ್ಷದಲ್ಲಿ ಎಷ್ಟು ದಿನ ಕ್ಯಾಮೆರಾ ಸಿಗುತ್ತದೆ ಕೇಳಿ. ವಿಶ್ವವಿದ್ಯಾಲಯದ ಮಾನ್ಯತೆ ಇದೆ ಅಂದರೆ ಆ ವಿಶ್ವವಿದ್ಯಾಲಯಕ್ಕೇ ಬರೆದು ಕೇಳಿ. ಪ್ರಪಂಚದ ಸಿನಿಮಾ ಶಾಲೆಗಳ ಒಕ್ಕೂಟ ಸಿಲೆಕ್ಟ್ (CILECT) ಅಂತ ಇದೆ, 1950ರ ದಶಕದಲ್ಲಿ ಶುರುವಾದದ್ದು. ಅದರ ಸದಸ್ಯರ ಪಟ್ಟಿ ಯಾರು ಬೇಕಾದರೂ ನೋಡಬಹುದು. ಪಟ್ಟಿಯಲ್ಲಿ ಇಲ್ಲದ ಒಳ್ಳೆಯ ಶಾಲೆಯೂ ಇರಬಹುದು. ಆದರೆ ಸದಸ್ಯರು ಅಂತ ಸುಳ್ಳು ಹೇಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾರೆ.

ನಮ್ಮ 32 ಜನರೂ ಡೈರೆಕ್ಷನ್ ತೆಗೆದುಕೊಂಡದ್ದು ಬೇರೆ ಏನೇನಿದೆ ಅಂತ ಗೊತ್ತಿಲ್ಲದೆ. ಸಿನಿಮಾ ಮುಗಿದ ಮೇಲೆ ಹೆಸರುಗಳು ಓಡುತ್ತವಲ್ಲ, ಎದ್ದು ಹೋಗದೆ ಒಂದು ಸಲ ಕೂತು ಓದಿ. ಫೋಕಸ್ ಹಿಡಿಯುವವರು, ಉದ್ದ ಕೋಲಿನ ಬೂಮ್ ಮೈಕ್ ಹಿಡಿಯುವವರು, ಒಂದು ಶಾಟ್‌ನಿಂದ ಇನ್ನೊಂದಕ್ಕೆ ಬಟ್ಟೆ, ವಸ್ತು ಬದಲಾಗದ ಹಾಗೆ ಕಂಟಿನ್ಯೂಟಿ ಬರೆಯುವವರು, ಬಣ್ಣ ತಿದ್ದುವವರು, ಹೆಜ್ಜೆ ಸದ್ದು ಬಟ್ಟೆ ಸದ್ದು ಹೊಸದಾಗಿ ಮಾಡಿ ಸೇರಿಸುವ ಫೋಲಿಯವರು. ನಿರ್ದೇಶಕರದು ಸಾಮಾನ್ಯವಾಗಿ ಒಂದೇ ಹೆಸರು. ಓದು ನಡೆಯುತ್ತಿರುವಾಗಲೇ ಫೋನಿನಲ್ಲೇ ಎರಡು ಮೂರು ನಿಮಿಷದ್ದು ತೆಗೆದು, ಉಚಿತವಾಗಿ ಸಿಗುವ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕತ್ತರಿಸಿ ನೋಡಿ. ಯಾವ ಕೆಲಸದಲ್ಲಿ ಹೊತ್ತು ಹೋದದ್ದು ಗೊತ್ತಾಗಲಿಲ್ಲವೋ ಅದನ್ನು ಬರೆದಿಟ್ಟುಕೊಳ್ಳಿ. ನನಗೆ ಎಡಿಟಿಂಗ್ ಇಷ್ಟ ಅಂತ ಗೊತ್ತಾದದ್ದು 19ಕ್ಕೆ. ಮನೆಯಲ್ಲೇ ಕೂತು 16ಕ್ಕೇ ತಿಳಿದುಕೊಳ್ಳಬಹುದಿತ್ತು.

ಚಿಕ್ಕಮ್ಮನ ಮಗನಿಗೆ ಬೇಡ ಅಂತ ಹೇಳಲಿಲ್ಲ. ಆ ವಯಸ್ಸಿನಲ್ಲಿ ನನಗೆ ಯಾರಾದರೂ ಬೇಡ ಅಂದಿದ್ದರೆ ಇನ್ನೂ ಬೇಗ ಹೋಗಿ ಸೇರುತ್ತಿದ್ದೆ. "ಕಳೆದ ವರ್ಷದವರು ಮಾಡಿದ ಸಿನಿಮಾ ತೋರಿಸಿ ಅಂತ ಅವರನ್ನು ಕೇಳು, ತೋರಿಸಿದರೆ ಇಬ್ಬರೂ ಕೂತು ನೋಡೋಣ" ಅಂದೆ. ಸೋಮವಾರ ಕೇಳಿದ್ದಾನೆ. ಇವತ್ತು ಶುಕ್ರವಾರ. ಸಿನಿಮಾ ಇನ್ನೂ ಬಂದಿಲ್ಲ. ಸೀಟು ಮುಗಿಯುತ್ತಿದೆ, ಬೇಗ ದುಡ್ಡು ಕಟ್ಟಿ ಅಂತ ಚಿಕ್ಕಮ್ಮನಿಗೆ ನಾಲ್ಕು ಸಲ ಫೋನ್ ಬಂದಿದೆ.